ಮುಂಗಡ ಹಣ ಕಳುಹಿಸುವ ಮೊದಲು ತೆರೆಯಬೇಕಾದ ಪೋರ್ಟಲ್

ಬೇಕರಿಗಳಿಗೆ ಬೇಕಾದ ಕೋಕೋ ಪುಡಿಯನ್ನು ಸಣ್ಣ ಪ್ರಮಾಣದಲ್ಲಿ ಹೊರದೇಶದಿಂದ ತರಿಸಿ ಬೆಂಗಳೂರಿನಲ್ಲಿ ಮಾರುವುದು ನನ್ನ ವ್ಯಾಪಾರ. ಹೊಸದಾಗಿ ಆಮದಿಗೆ ಇಳಿಯುವವರು ಮೊದಲು ಏನನ್ನು ನೋಡಬೇಕೆಂದು ಕೇಳಿದರೆ, ಕೇಂದ್ರ ಪರೋಕ್ಷ ತೆರಿಗೆ ಮತ್ತು ಸೀಮಾಸುಂಕ ಮಂಡಳಿಯು 2021ರ ಆಗಸ್ಟ್‌ನಲ್ಲಿ ಆರಂಭಿಸಿದ ‘ಕಂಪ್ಲಯನ್ಸ್ ಇನ್ಫರ್ಮೇಶನ್ ಪೋರ್ಟಲ್’ ಎಂಬ ಉಚಿತ ಸೇವೆಯನ್ನೇ ನಾನು ಹೆಸರಿಸುತ್ತೇನೆ.

ಇದರ ಬಳಕೆ ಸರಳವಾಗಿದೆ. ಸರಕಿನ ಎಚ್‌ಎಸ್ ಕೋಡನ್ನಾಗಲಿ (ಸರಕುಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಸಂಖ್ಯೆ) ಹೆಸರನ್ನಾಗಲಿ ಕೊಟ್ಟರೆ, ಆ ಸರಕಿಗೆ ಯಾವ ಪರವಾನಗಿ ಬೇಕು, ಯಾವ ಪ್ರಮಾಣಪತ್ರ ಬೇಕು, ಸೀಮಾಸುಂಕದವರಲ್ಲದೆ ಆಹಾರ ಸುರಕ್ಷತಾ ಪ್ರಾಧಿಕಾರ, ಸಸ್ಯ ಸಂಗರೋಧ, ಔಷಧ ನಿಯಂತ್ರಣ ಮುಂತಾದ ಇಲಾಖೆಗಳಲ್ಲಿ ಯಾರ ಒಪ್ಪಿಗೆ ಬೇಕು ಎಂಬುದನ್ನು ಅದು ಹಂತಹಂತವಾಗಿ ತೋರಿಸುತ್ತದೆ. ಸುಮಾರು 12,000 ಬಗೆಯ ಸರಕುಗಳ ವಿವರ ಒಂದೇ ಕಡೆ ಸಿಗುತ್ತದೆ. ದೇಶದ ಬಂದರು, ವಿಮಾನ ನಿಲ್ದಾಣ ಮತ್ತು ಗಡಿ ಠಾಣೆಗಳ ನಕ್ಷೆಯೂ ಇದೆ.

ಇದರ ಬೆಲೆ ನನಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. ಕೆಲವು ವರ್ಷಗಳ ಹಿಂದೆ ಒಬ್ಬ ಪೂರೈಕೆದಾರರು ಇನ್‌ವಾಯ್ಸ್‌ನಲ್ಲಿ ಬರೀ ‘ಕೋಕೋ ಪುಡಿ’ ಎಂದು ಬರೆದು ಕಳುಹಿಸಿದರು. ನನ್ನ ಪರವಾಗಿ ಕಾಗದಪತ್ರ ನೋಡುತ್ತಿದ್ದವರೂ ಅದನ್ನೇ ನಂಬಿ ಸೀಮಾಸುಂಕಕ್ಕೆ ಕೊಡುವ ಆಮದು ಘೋಷಣೆಯಾದ ಬಿಲ್ ಆಫ್ ಎಂಟ್ರಿ ಸಲ್ಲಿಸಿದರು. ಚೀಲದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಸಕ್ಕರೆಯ ಹೆಸರೂ ಇದ್ದುದನ್ನು ನಾವ್ಯಾರೂ ಓದಿರಲಿಲ್ಲ. ಸಕ್ಕರೆ ಸೇರಿಸದ ಕೋಕೋ ಪುಡಿ ಎಚ್‌ಎಸ್ ಶೀರ್ಷಿಕೆ 1805ಕ್ಕೆ ಸೇರುತ್ತದೆ, ಸಕ್ಕರೆ ಸೇರಿಸಿದ್ದು 1806ಕ್ಕೆ ಹೋಗುತ್ತದೆ. ಆ ವ್ಯತ್ಯಾಸವನ್ನು ಸರಿಪಡಿಸುವಷ್ಟರಲ್ಲಿ ಗೋದಾಮಿನ ಡೆಮರೇಜ್, ಅಂದರೆ ಸರಕು ಬಿಡಿಸಿಕೊಳ್ಳಲು ತಡವಾದದ್ದಕ್ಕೆ ಕಟ್ಟುವ ಶುಲ್ಕ, ನನ್ನ ಲಾಭವನ್ನೆಲ್ಲ ನುಂಗಿಹಾಕಿತ್ತು. ಅಂದಿನಿಂದ ಲೇಬಲ್ಲಿನ ಚಿತ್ರವನ್ನು ತರಿಸಿಕೊಂಡು, ಎರಡೂ ಕೋಡುಗಳನ್ನು ಪೋರ್ಟಲ್‌ನಲ್ಲಿ ಹಾಕಿ ನೋಡಿದ ಮೇಲೆಯೇ ಮುಂಗಡ ಕಳುಹಿಸುತ್ತೇನೆ.

ಆದರೆ ನಿಮ್ಮ ಸರಕು ಯಾವ ಶೀರ್ಷಿಕೆಗೆ ಸೇರುತ್ತದೆ ಎಂಬುದನ್ನು ಪೋರ್ಟಲ್ ತೀರ್ಮಾನಿಸಿಕೊಡುವುದಿಲ್ಲ. ಆ ಹೊಣೆ ಆಮದುದಾರರದೇ. ಗಟ್ಟಿ ಸಂದೇಹವಿದ್ದರೆ ದೆಹಲಿ ಅಥವಾ ಮುಂಬೈಯ ಸೀಮಾಸುಂಕ ಮುಂಗಡ ನಿರ್ಣಯ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಸರಕು ತರಿಸುವ ಮೊದಲೇ ತೀರ್ಮಾನ ಪಡೆಯುವ ದಾರಿಯಿದೆ. ಸುಂಕದ ಲೆಕ್ಕಕ್ಕೆ ಸೀಮಾಸುಂಕದ ಆನ್‌ಲೈನ್ ತಾಣವಾದ ಐಸ್‌ಗೇಟ್‌ನ ಕ್ಯಾಲ್ಕುಲೇಟರನ್ನು ಬಳಸಬೇಕು. ಹೊಸಬರು ಎಡವುವುದು ಹೆಚ್ಚಾಗಿ ಈ ಲೆಕ್ಕದಲ್ಲೇ. ಸಾಗಣೆ ಮತ್ತು ವಿಮೆ ಸೇರಿ ಸರಕಿನ ಮೌಲ್ಯ 100 ರೂಪಾಯಿ, ಮೂಲ ಸುಂಕ ಶೇ 10, ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಸಮಗ್ರ ಸರಕು ಮತ್ತು ಸೇವಾ ತೆರಿಗೆ) ಶೇ 18 ಎಂದಿಟ್ಟುಕೊಳ್ಳಿ: ಸುಂಕ 10 ರೂಪಾಯಿ, ಆ ಸುಂಕದ ಮೇಲೆ ಶೇ 10ರಂತೆ ಸಮಾಜ ಕಲ್ಯಾಣ ಸರ್‌ಚಾರ್ಜ್ 1 ರೂಪಾಯಿ, ಹೀಗೆ ಆದ 111 ರೂಪಾಯಿಯ ಮೇಲೆ ಐಜಿಎಸ್‌ಟಿ 19.98, ಒಟ್ಟು ಕಟ್ಟಬೇಕಾದದ್ದು 30.98 ರೂಪಾಯಿ. ಐಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ಮುಂದೆ ಮಾರುವಾಗ ಕಟ್ಟುವ ತೆರಿಗೆಯಲ್ಲಿ ಕಳೆದುಕೊಂಡು, ಹಿಂಪಡೆಯಬಹುದಾದರೂ ಅಲ್ಲಿಯವರೆಗೆ ಆ ಹಣ ಸಿಕ್ಕಿಕೊಂಡಿರುತ್ತದೆ, ಸಣ್ಣ ಬಂಡವಾಳದವರಿಗೆ ಅದೇ ದೊಡ್ಡ ಹೊರೆ.

ನನ್ನ ಒಂದು ಕೊರಗೆಂದರೆ, ಈ ವಿವರಗಳು ಕನ್ನಡದಲ್ಲಿ ದೊರೆಯುವುದಿಲ್ಲ. ವ್ಯಾಪಾರಕ್ಕೆ ಬೇಕಾದ ನಿಯಮ ಮತ್ತು ಕಾರ್ಯವಿಧಾನಗಳನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕೆಂಬುದು 2017ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಘಟನೆಯ ವ್ಯಾಪಾರ ಸುಗಮಗೊಳಿಸುವ ಒಪ್ಪಂದದ ಮೊದಲ ವಿಧಿಯ ಆಶಯವೇ ಆಗಿದೆ. ಊರಿನ ಅಂಗಡಿಯಾತನಿಗೆ ಅರ್ಥವಾಗುವ ಭಾಷೆಯಲ್ಲಿ ಇದ್ದರೆ ಆ ಆಶಯ ಇನ್ನಷ್ಟು ದೂರ ತಲುಪೀತು.

ಆಹಾರ ಪದಾರ್ಥ ತರಿಸುವವರು ಪೋರ್ಟಲ್‌ನ ಪುಟದ ಜೊತೆಗೆ ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕಗಳನ್ನೂ ಇಟ್ಟುಕೊಂಡು ನೋಡಬೇಕು. ಸೀಮಾಸುಂಕದಿಂದ ಬಿಡಿಸಿಕೊಳ್ಳುವ ಹೊತ್ತಿಗೆ ಬಾಳಿಕೆಯ ಅವಧಿಯಲ್ಲಿ ಶೇ 60 ಅಥವಾ ಮೂರು ತಿಂಗಳು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಉಳಿದಿರಲೇಬೇಕು. ಹಡಗಿನಲ್ಲಿ ಕಳೆಯುವ ವಾರಗಳನ್ನು ಲೆಕ್ಕಕ್ಕೆ ಹಿಡಿದೇ ನಾನು ಈಗ ಪೂರೈಕೆದಾರರಿಗೆ ದಿನಾಂಕ ಬರೆದು ಕೊಡುತ್ತೇನೆ.