ಮೂರೂವರೆ ವರ್ಷದ ಡ್ರಾಯಿಂಗ್ ಟ್ಯಾಬ್ಲೆಟ್, ಒಂದು ನಡುಗುವ ‘ಶ್ರೀ’

ಕಳೆದ ಆಷಾಢದಲ್ಲಿ ಈ ಟ್ಯಾಬ್ಲೆಟ್‌ಗೆ ಒಂದೇ ಒಂದು ನಕ್ಷತ್ರ ಕೊಟ್ಟು, ಚೆನ್ನಾಗಿ ಬೈದು ವಿಮರ್ಶೆ ಬರೆದಿಟ್ಟಿದ್ದೆ. ಕಳಿಸಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಒಳ್ಳೆಯದೇ ಆಯಿತು.

ನಾನಿರುವುದು ಮುಂಬೈ ಪಕ್ಕದ ಡೊಂಬಿವಲಿಯ ಹಳೇ ಕಟ್ಟಡವೊಂದರಲ್ಲಿ. ಹಗಲು ಮುಂಬೈಯ ಫೋರ್ಟ್‌ನಲ್ಲಿ ಅಕೌಂಟ್ಸ್ ಕೆಲಸ. ರಾತ್ರಿ ಕನ್ನಡ ಅಕ್ಷರ ಬರೆಯುವ ಕೆಲಸ: ಮದುವೆ ಕಾಗದ, ಯಕ್ಷಗಾನದ ಪೋಸ್ಟರ್, ಹೋಟೆಲಿನ ಬೋರ್ಡು. ನಮ್ಮ ಕಡೆಯ ಹಿರಿಯರಿಗೆ ಫಾಂಟ್‌ನಲ್ಲಿ ಕೂರಿಸಿದ ‘ಶ್ರೀ’ ಹಿಡಿಸುವುದಿಲ್ಲ, ಕೈಯಲ್ಲೇ ಬರೆದದ್ದು ಬೇಕು. ಅದಕ್ಕೇ ₹4,800 ಕೊಟ್ಟು, ಪರದೆ ಇಲ್ಲದ, ಸ್ಲೇಟಿನಂಥ ಈ ಟ್ಯಾಬ್ಲೆಟ್ ತಂದೆ. ಇದರ ಮೇಲೆ ಪೆನ್ ಆಡಿಸಿದರೆ ಗೆರೆ ಲ್ಯಾಪ್‌ಟಾಪ್‌ನಲ್ಲಿ ಮೂಡುತ್ತದೆ, ಒತ್ತಿದಷ್ಟೂ ದಪ್ಪ. ಒತ್ತಡದ ಮಟ್ಟ 8192 ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಹಾಕಿದ್ದಾರೆ. ನನಗೆ ಬೇಕಾದದ್ದು ಮೂರೇ: ತೆಳು, ದಪ್ಪ, ನಡುವಿನದು.

ಊಟ ಮುಗಿದ ಮೇಲೆ ನನ್ನದೊಂದು ಪೂಜೆ ಇದೆ. ಕನ್ನಡಕ ಒರೆಸುವ ಬಟ್ಟೆಯ ಒಂದು ಮೂಲೆ ಒದ್ದೆ ಮಾಡಿ, ಗಟ್ಟಿಯಾಗಿ ಹಿಂಡಿ, ಟ್ಯಾಬ್ಲೆಟ್ ಒರೆಸುತ್ತೇನೆ. ನೀರು ಚಿಮುಕಿಸುವುದಿಲ್ಲ. ಆಮೇಲೆ ಪೆನ್ನಿನ ನಿಬ್ ಮೇಲೆ ಹೆಬ್ಬೆರಳಿನ ಉಗುರು ಆಡಿಸುತ್ತೇನೆ. ಒಂದೇ ಕಡೆ ಸವೆದು ಉಳಿಯಂತೆ ಅಂಚು ಬಂದಿದ್ದರೆ ಉಗುರಿಗೆ ತಾಗುತ್ತದೆ. ಹಾಗೇ ಬಿಟ್ಟರೆ ಹಲಗೆಯ ಮೇಲೆ ಗೀರು ಬೀಳುತ್ತದೆ. ಚಿಮುಟದಲ್ಲಿ ಎಳೆದು ಹೊಸದು ಹಾಕಲು ಅರ್ಧ ನಿಮಿಷ ಸಾಕು. ಟ್ಯಾಬ್ಲೆಟ್ ಮೇಲೆ ಬಿಳಿ ಕಾಗದ ಅಂಟಿಸಿ ಬರೆಯುವುದು ನನಗೆ ಇಷ್ಟ, ಪೆನ್ಸಿಲ್ ಹಿಡಿದ ಹಾಗಿರುತ್ತದೆ. ಕಾಗದದ ಮೂಲಕವೂ ಪೆನ್ ಕೆಲಸ ಮಾಡುತ್ತದೆ. ಆದರೆ ಕಾಗದ ನಿಬ್ ತಿನ್ನುತ್ತದೆ. ಹತ್ತರಲ್ಲಿ ಏಳು ಮುಗಿದಿವೆ.

ಇನ್ನೊಂದು ಮಾತು. ಪೆನ್ನನ್ನು ನಿಬ್ ಕೆಳಗಾಗಿ ಲೋಟದಲ್ಲಿ ನಿಲ್ಲಿಸಬೇಡಿ. ನನ್ನ ಮೊದಲ ಪೆನ್ ಹಾಗೆ ನಿಂತು ನಿಂತು, ಕೊನೆಗೆ ಹಲಗೆಗೆ ತಾಗದೆಯೂ ಗೆರೆ ಎಳೆಯತೊಡಗಿತು. ಈಗಿನದು ಮಲಗಿಯೇ ಇರುತ್ತದೆ, ಮಳೆಗಾಲದಲ್ಲಿ ಚಪ್ಪಲಿ ಡಬ್ಬಿಯ ಸಿಲಿಕಾ ಜೆಲ್ ಪೊಟ್ಟಣದ ಜೊತೆ.

ಇನ್ನು ನಡುಕದ ಕಥೆ. ಜೋರಾಗಿ ಎಳೆದರೆ ಗೆರೆ ಸರಿ. ನಿಧಾನ ಎಳೆದರೆ ಗರಗಸ. ‘ಶ್ರೀ’ಯ ದೀರ್ಘವನ್ನು ಜೋರಾಗಿ ಎಳೆಯಲಾಗುತ್ತದಾ? ಚಿತ್ರ ಬರೆಯುವ ಸಾಫ್ಟ್‌ವೇರ್ ಕ್ರಿತಾದಲ್ಲಿ ಗೆರೆಯ ನಡುಕ ತಗ್ಗಿಸುವ ಸ್ಟೆಬಿಲೈಜರ್ ಹಾಕಿದೆ. ಗೆರೆ ನೆಟ್ಟಗಾಯಿತು, ಆದರೆ ಕೈ ಮುಂದೆ, ಗೆರೆ ಹಿಂದೆ. ಹಳೇ ಟ್ಯಾಬ್ಲೆಟ್‌ನ ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಉಳಿದಿತ್ತು, ತೆಗೆದೆ. ನಿಬ್ ಬದಲಿಸಿದೆ, ಕೇಬಲ್ ಬದಲಿಸಿದೆ. ಕಸ್ಟಮರ್ ಕೇರ್‌ನವರು ಮೂರು ಸಲವೂ ಹೇಳಿದ್ದು ಒಂದೇ: ಡ್ರೈವರ್ ತೆಗೆದು ಮತ್ತೆ ಹಾಕಿ. ಕೊನೆಗೆ ನನ್ನ ಕೈಯೇ ನಡುಗುತ್ತಿದೆಯೇನೋ ಅಂತ ನೀರು ತುಂಬಿದ ಲೋಟ ಹಿಡಿದು ನೋಡಿದ್ದೂ ಆಯಿತು.

ಕರೆಂಟ್ ಹೋದ ರಾತ್ರಿ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿತ್ತು. ಸಿಟ್ಟಿನಲ್ಲೇ ಒಂದು ಗೆರೆ ಎಳೆದೆ. ಬೆಣ್ಣೆ! ಕರೆಂಟ್ ಬಂದು ಫ್ಯಾನ್ ತಿರುಗಿತು, ಗೆರೆ ಮತ್ತೆ ನಡುಗಿತು. ಚಾರ್ಜರ್ ಕಿತ್ತೆ, ಸರಿಯಾಯಿತು.

“ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ ಅನ್ನುತ್ತದಾ?” ಅಪ್ಪ ಮಂಚದಿಂದಲೇ ಕೇಳಿದರು. ಅನ್ನುತ್ತಿತ್ತು. “ಅರ್ಥಿಂಗ್ ಇಲ್ಲ ಮಾರಾಯ್ತಿ. ಕ್ಯಾಂಟೀನಿನ ಗ್ರೈಂಡರೂ ಹೀಗೇ ಮಾಡುತ್ತಿತ್ತು.”

ಈ ಪೆನ್ನಿನೊಳಗೆ ಬ್ಯಾಟರಿ ಇಲ್ಲ, ತಂತಿಯ ಸಣ್ಣ ಸುರುಳಿ ಇದೆ. ಹಲಗೆ ಕಳಿಸುವ ಸಿಗ್ನಲ್‌ಗೆ ಆ ಸುರುಳಿ ಮರುದನಿ ಕೊಡುತ್ತದೆ. ಅದನ್ನು ಹಿಡಿದು ಪೆನ್ ಎಲ್ಲಿದೆ ಎಂದು ಹಲಗೆ ಲೆಕ್ಕ ಹಾಕುತ್ತದೆ. ಅಷ್ಟು ಮೆಲ್ಲಗಿನ ಮಾತಿನ ನಡುವೆ ಚಾರ್ಜರ್ ಗಲಾಟೆ ನುಗ್ಗಿದರೆ ಲೆಕ್ಕ ತಪ್ಪುತ್ತದೆ. ನಮ್ಮ ಗೋಡೆಯ ಸಾಕೆಟ್‌ನಲ್ಲಿ ಮೂರು ತೂತು ಇದ್ದವು, ಮೇಲಿನದಕ್ಕೆ ವಯರೇ ಇರಲಿಲ್ಲ! ಇಲೆಕ್ಟ್ರಿಷಿಯನ್ ₹600 ತೆಗೆದುಕೊಂಡು ಅರ್ಥಿಂಗ್ ಎಳೆದುಕೊಟ್ಟ. ಅವತ್ತಿನಿಂದ ನಡುಕವಿಲ್ಲ. ಜುಮ್ ಅನ್ನುವುದೂ ಇಲ್ಲ.

ಹಾಗಂತ ಪೂರ್ತಿ ಹೊಗಳುವುದಿಲ್ಲ. ಕೇಬಲ್ ಚುಚ್ಚುವ ಜಾಗ ಎರಡೇ ವರ್ಷಕ್ಕೆ ಸಡಿಲವಾಯಿತು. ಲೋಕಲ್‌ನ ನೂಕಾಟದಲ್ಲಿ ಕೇಬಲ್ ಸಿಕ್ಕಿಸಿಯೇ ಬ್ಯಾಗಿಗೆ ತುರುಕುತ್ತಿದ್ದೆ, ನನ್ನ ತಪ್ಪೂ ಇದೆ ಅನ್ನಿ. ಲ್ಯಾಮಿಂಗ್ಟನ್ ರೋಡಿನಲ್ಲಿ ₹350ಕ್ಕೆ ಹೊಸ ಪೋರ್ಟ್ ಬೆಸೆಸಿದೆ. ಆದರೂ ಇಷ್ಟು ಬಡಕಲು ಪೋರ್ಟ್ ಯಾಕೆ ಇಡಬೇಕು? ಒಂದು ನಕ್ಷತ್ರ ಅದಕ್ಕೇ ಕಟ್. ನಾಲ್ಕು ಕೊಡುತ್ತೇನೆ.

ಅಂದಹಾಗೆ, ಆ ಆಷಾಢದಲ್ಲಿ ಮಾಡಿಕೊಟ್ಟ ಮದುವೆ ಕಾಗದ ನಡುಗುವ ‘ಶ್ರೀ’ಯಲ್ಲೇ ಅಚ್ಚಾಗಿ ಹೋಗಿತ್ತು. ಬೇರೆ ಬರೆದುಕೊಡುತ್ತೇನೆ ಎಂದು ಹೆದರುತ್ತಲೇ ಫೋನ್ ಮಾಡಿದೆ. ಬೇಡವೇ ಬೇಡ ಅಂದರು. ಹುಡುಗಿಯ ಅಜ್ಜನಿಗೆ ಅದು ತಮ್ಮ ಅಪ್ಪ ದಿನಸಿ ಲೆಕ್ಕದ ಪುಸ್ತಕದ ಮೇಲೆ ಬರೆಯುತ್ತಿದ್ದ ‘ಶ್ರೀ’ಯ ಹಾಗೇ ಕಂಡಿತಂತೆ.