ಆಕ್ಸೊಲಾಟಲ್‌ಗೆ ಫೀಡರ್ ಮೀನು: ನಾಲ್ಕು ತಿಂಗಳು ಹಾಕಿ ನೋಡ್ದೆ, 5ಕ್ಕೆ 2 ಸ್ಟಾರ್

ನಮ್ಮನೇಲಿ ಒಂದು ಆಕ್ಸೊಲಾಟಲ್ ಇದೆ, ಅಂದ್ರೆ ಕಪ್ಪೆ ಜಾತಿಗೆ ಹತ್ತಿರದ, ನೀರಲ್ಲೇ ಇರೋ ಒಂದು ಪ್ರಾಣಿ, ಬಿಳಿ ಮೈ, ಕೆಂಪು ಕಿವಿರು, ಹೆಸರು ಗುಂಡ, ಸಾಕೋಕೆ ಶುರು ಮಾಡಿ ಎರಡು ವರ್ಷ ಆಯ್ತು. ಬೆಂಗಳೂರಲ್ಲಿ ನಾನು ಹೋಗಿರೋ ಅಕ್ವೇರಿಯಂ ಅಂಗಡಿಗಳಲ್ಲೆಲ್ಲಾ ಊಟದ ವಿಷಯ ಕೇಳಿದ್ರೆ ಬರೋ ಉತ್ತರ ಒಂದೇ, "ಫೀಡರ್ ಗಪ್ಪಿ ಬಿಡಿ ಮೇಡಂ, ಬೇಕಾದಾಗ ಅದೇ ಹಿಡ್ಕೊಂಡು ತಿನ್ನುತ್ತೆ." ಫೀಡರ್ ಅಂದ್ರೆ ಬೇರೆ ಪ್ರಾಣಿಗೆ ಜೀವಂತ ಊಟ ಅಂತ ಮಾರೋ ಸಣ್ಣ ಮೀನು, ಗಪ್ಪಿ ಅದರಲ್ಲೊಂದು ಜಾತಿ. ನಂಬಿ ವಾರಕ್ಕೊಂದು ಕವರ್ ತರ್ತಿದ್ದೆ, ಕವರಿಗೆ ಇಪ್ಪತ್ತು ಗಪ್ಪಿ, ನೂರು ರೂಪಾಯಿ. ಅಂಗಡಿ ಹೆಸರು ಬರೆಯಲ್ಲ, ಯಾಕಂದ್ರೆ ಅವರೊಬ್ಬರದೇ ತಪ್ಪು ಅಂತ ನನಗನ್ನಿಸಲ್ಲ, ಫೀಡರ್ ಅಂತ ಮಾರೋ ಮೀನನ್ನ ನಾನು ನೋಡಿರೋ ಕಡೆಯೆಲ್ಲ ಒಂದೇ ತೊಟ್ಟೀಲಿ ಕಿಕ್ಕಿರಿದು ತುಂಬಿರ್ತಾರೆ, ಸತ್ತಿರೋದು ಬದುಕಿರೋದು ಎಲ್ಲಾ ಒಟ್ಟಿಗೆ.

ಮೊದಲು ಒಳ್ಳೇದು ಹೇಳ್ತೀನಿ. ಗುಂಡ ಬೇಟೆ ಆಡೋದನ್ನ ನೋಡೋದೇ ಒಂದು ಖುಷಿ. ಇವಕ್ಕೆ ಕಣ್ಣು ಅಷ್ಟು ಚುರುಕಿಲ್ಲ, ವಾಸನೆ ಮತ್ತೆ ನೀರಿನ ಅಲುಗಾಟದ ಮೇಲೇ ನಡೆಯೋದು, ಕಲ್ಲು ಥರ ಕೂತಿರುತ್ತೆ, ಮೀನು ಮೂತಿ ಹತ್ರ ಬಂತೋ ಬಾಯಿ ತೆಗೆದು ನೀರ್ ಸಮೇತ ಒಳಗೆ ಎಳ್ಕೊಂಡ್ಬಿಡುತ್ತೆ, ನಾವು ಕಣ್ಣು ಮಿಟುಕಿಸೋದ್ರೊಳಗೆ ಮುಗ್ದಿರುತ್ತೆ. ಎರಡು ಸ್ಟಾರ್ ಇದಕ್ಕೇ.

ಇನ್ನು ಕಷ್ಟದ್ದು. ಗುಂಡನ ನೀರು 17 ಡಿಗ್ರಿ ಹತ್ರ ಇರ್ಬೇಕು, 24 ದಾಟಿದ್ರೆ ಅದಕ್ಕೆ ಜೀವ ಹಿಂಡಿದ ಹಾಗೆ, ಅದಕ್ಕೇ ನೀರು ತಣ್ಣಗಿಡೋ ಚಿಲ್ಲರ್ ಹಾಕಿದೀವಿ. ಗಪ್ಪಿ ಬೆಚ್ಚಗಿನ ನೀರಿನ ಮೀನು. ಅಂಗಡೀಲಿ 26 ಡಿಗ್ರೀಲಿ ಇದ್ದಿದ್ದನ್ನ ತಂದು ಈ ತಣ್ಣೀರಿಗೆ ಬಿಟ್ರೆ ಅದು ಮಂಕಾಗಿ ಒಂದು ಮೂಲೆ ಸೇರುತ್ತೆ, ಮೈಯಲ್ಲಿ ಅಡಗಿರೋ ರೋಗ ಎಲ್ಲ ಎದ್ದು ಬರುತ್ತೆ, ತಿನ್ನದೆ ಉಳಿದಿದ್ದು ಫಿಲ್ಟರ್ ಹಿಂದೆ ಸತ್ತು ಬಿದ್ದಿರುತ್ತೆ, ನಮಗೆ ಗೊತ್ತಾಗೋದ್ರೊಳಗೆ ನೀರಲ್ಲಿ ಅಮೋನಿಯಾ ಅನ್ನೋ ವಿಷ ಏರಿರುತ್ತೆ.

ಮೂರನೇ ತಿಂಗಳಲ್ಲಿ ಒಂದಿನ ಬೆಳಿಗ್ಗೆ ಲೈಟ್ ಹಾಕಿ ನೋಡ್ತೀನಿ, ಎಡಗಡೆ ಮೇಲಿನ ಕಿವಿರಿನ ತುದಿ ಬೋಳಾಗಿದೆ. ಆಕ್ಸೊಲಾಟಲ್ ಕಿವಿರು ಒಳಗಿರಲ್ಲ, ತಲೆಯ ಎರಡೂ ಕಡೆ ಮೂರು ಮೂರು ಕೊಂಬೆ ಥರ ಹೊರಗೇ ಇರುತ್ತೆ, ಅದರ ತುಂಬ ಎಳೆ ಎಳೆ ಕುಚ್ಚು, ಮೀನಿನ ಕಣ್ಣಿಗೆ ಅದು ಕೆಂಪು ಹುಳ ಕಂಡ ಹಾಗೇ ಕಾಣುತ್ತೆ. ಗುಂಡ ಅಲ್ಲಾಡದೆ ಕೂತಿದ್ದಾಗ ಉಳಿದಿದ್ದ ಗಪ್ಪಿಗಳು ಕಿತ್ತು ಕಿತ್ತು ತಿಂದಿದ್ವು. ಎರಡು ದಿನಕ್ಕೆ ಅದೇ ಜಾಗದಲ್ಲಿ ಹತ್ತಿ ಅಂಟಿಸಿದ ಹಾಗೆ ಬಿಳೀ ಫಂಗಸ್. ನನ್ನ ಕೈ ನಡುಗ್ತಿತ್ತು, ನಿಜವಾಗ್ಲೂ.

ಇಲ್ಲಿ ಒಂದು ಮಾತು ಎಲ್ಲರೂ ನೆನಪಿಟ್ಕೊಳ್ಳಿ, ಮೀನಿಗೆ ಅಂತ ಮಾರೋ ಮ್ಯಾಲಕೈಟ್ ಗ್ರೀನ್, ತಾಮ್ರ ಇರೋ ಔಷಧಿ ಯಾವುದನ್ನೂ ಆಕ್ಸೊಲಾಟಲ್ ನೀರಿಗೆ ಹಾಕ್ಬೇಡಿ, ಕಪ್ಪೆ ಜಾತಿಗೆ ಹತ್ತಿರದ ಪ್ರಾಣಿ ಇದು, ಚರ್ಮದಿಂದಲೇ ಎಲ್ಲಾ ಹೀರ್ಕೊಳ್ಳುತ್ತೆ. ಅಂಗಡಿಯವರು ಅಂಥದ್ದೇ ಒಂದು ನೀಲಿ ಬಾಟಲ್ ಕೈಗೆ ಕೊಟ್ರು, ನಾನು ವಾಪಸ್ ಇಟ್ಟು ಡಾಕ್ಟ್ರ ಹತ್ರ ಹೋದೆ. ಅವರು ಹೇಳಿದ ಹಾಗೆ ತಣ್ಣಗಿನ ನೀರಲ್ಲಿ, ಲೀಟರಿಗೆ ಎರಡು ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು ಕರಗಿಸಿ, ಗುಂಡನ್ನ ಅದರಲ್ಲಿ ಹತ್ತೇ ನಿಮಿಷ ಬಿಟ್ಟು ತೆಗೆಯೋದು, ಹೀಗೇ ಒಂದು ವಾರ ಮಾಡಿದ್ವಿ, ಜೊತೆಗೆ ನಮ್ಮ ರಸ್ತೇಲಿ ಬಿದ್ದಿರೋ ಕಾಡುಬಾದಾಮಿಯ ಒಣ ಎಲೆ ಚೆನ್ನಾಗಿ ತೊಳೆದು ತೊಟ್ಟಿಗೆ ಹಾಕ್ದೆ. ಫಂಗಸ್ ಹೋಯ್ತು. ಕಿವಿರು ಮತ್ತೆ ಬೆಳೀತಾ ಇದೆ, ಹೊಸ ಕುಚ್ಚು ತಿಳಿ ಗುಲಾಬಿ ಬಣ್ಣದ್ದು, ಹಳೇದಕ್ಕಿಂತ ಇನ್ನೂ ಚೂರು ಗಿಡ್ಡ.

ಗಪ್ಪಿ ಬೇಡ ಅಂದ್ರೆ ಚಿಕ್ಕ ಗೋಲ್ಡ್‌ಫಿಶ್ ತಗೊಳ್ಳಿ ಅಂತಾರೆ, ಆಸ್ಕರ್, ಅರೋವಾನಾ ಥರ ದೊಡ್ಡ ಮೀನು ಸಾಕೋರಿಗೂ ಅದನ್ನೇ ಕೊಡೋದು. ದಯವಿಟ್ಟು ಬೇಡ. ಗೋಲ್ಡ್‌ಫಿಶ್ ಮೈಯಲ್ಲಿ ಥಯಾಮಿನೇಸ್ ಅನ್ನೋ ಕಿಣ್ವ ಇರುತ್ತೆ, ಅದು ಬಿ1 ವಿಟಮಿನ್ನನ್ನ ಒಡೆದು ಹಾಕುತ್ತೆ, ಅದನ್ನೇ ದಿನಾ ತಿಂದ್ರೆ ನರಗಳಿಗೆ ಪೆಟ್ಟು. ಕೆರೆ ಬಾವೀಲಿ ಸೊಳ್ಳೆ ಮರಿ ತಿನ್ಲಿ ಅಂತ ಬಿಟ್ಟಿರೋ ಗಾಂಬೂಸಿಯಾ ಹಿಡ್ಕೊಂಡು ಬರೋರೂ ಇದಾರೆ, ಪುಕ್ಕಟೆ ಅಂತ. ಅದು ಕಚ್ಚೋದ್ರಲ್ಲಿ ಗಪ್ಪಿಗಿಂತ ಜೋರು, ಜೊತೆಗೆ ಕೆರೆ ನೀರಿನ ಹುಳ, ರಾಸಾಯನಿಕ ಏನೇನು ಬರುತ್ತೋ.

"ಕಾಡಲ್ಲಿ ಮೀನೇ ತಾನೇ ತಿನ್ನೋದು" ಅಂತಾನೂ ಕೇಳಿದೀನಿ. ಮೆಕ್ಸಿಕೋ ಸಿಟಿಯ ಸೋಚಿಮಿಲ್ಕೊ ಕಾಲುವೆಗಳಲ್ಲಿ ಅದು ಹುಳ, ಬಸವನಹುಳು, ಕೀಟ, ಸಣ್ಣ ಮೀನು ಎಲ್ಲಾ ತಿನ್ನುತ್ತೆ, ಸರಿ. ಆದ್ರೆ ಅಲ್ಲೇ ಸಾಕಣೆಗೆ ಅಂತ ತಂದು ಬಿಟ್ಟ ತಿಲಾಪಿಯಾ, ಕಾರ್ಪ್ ಮೀನು ಇದರ ಮೊಟ್ಟೆ ಮರಿ ತಿಂದು ಹಾಕ್ತಿವೆ, ಇವತ್ತು ಕಾಡಲ್ಲಿ ಆಕ್ಸೊಲಾಟಲ್ ಅಳಿದು ಹೋಗೋ ಹಂತಕ್ಕೆ ಬಂದಿರೋದಕ್ಕೆ ಅದೂ ಒಂದು ಕಾರಣ, ನೀರು ಕೆಟ್ಟಿರೋದು ಇನ್ನೊಂದು. ಮೀನು ಅಂದ ತಕ್ಷಣ ಅದಕ್ಕೆ ಒಳ್ಳೇದು ಅಂತ ಅಂದ್ಕೋಬಾರ್ದು.

ಈಗ ಎರೆಹುಳ ಹಾಕ್ತಿದೀನಿ. ಎರೆಗೊಬ್ಬರ ಮಾಡೋರ ಹತ್ರ ಸಿಗುತ್ತೆ, ದಪ್ಪಗೆ ನೇರಳೆ ಬಣ್ಣದ ಯುಡ್ರಿಲಸ್ ಕೇಳಿ ತಗೊಳ್ಳಿ, ಸಣ್ಣ ಕೆಂಪು ಹುಳ ಮುಟ್ಟಿದ್ರೆ ಹಳದಿ ರಸ ಬಿಡುತ್ತೆ, ಅದು ಕಹಿ, ಗುಂಡ ಬಾಯಿಗೆ ಹಾಕ್ಕೊಂಡು ಉಗಿದುಬಿಡ್ತು. ಎರಡು ದಿನಕ್ಕೊಂದ್ಸಲ ಒಂದೆರಡು ಹುಳ ಸಾಕು.

ಮೀನು ಕೊಡಲೇಬೇಕು ಅಂದ್ರೆ ಮನೇಲೇ ಟಬ್ಬಲ್ಲಿ ಗಪ್ಪಿ ಬೆಳೆಸಿ. ನಾನು ಟೆರೇಸಲ್ಲಿ ಇಟ್ಟಿದೀನಿ, ಮೊದಲು ತಂದ ತಾಯಿಮೀನುಗಳನ್ನ ಪೂರ್ತಿ ಒಂದು ತಿಂಗಳು ಬೇರೆ ಇಟ್ಟು ನೋಡಿ ಆಮೇಲೆ ಮರಿ ಮಾಡಿಸ್ದೆ, ಈಗ ಹದಿನೈದು ದಿನಕ್ಕೊಂದ್ಸಲ ಒಂದೇ ಒಂದು ಬಿಡ್ತೀನಿ, ತಿನ್ನಲಿಲ್ಲ ಅಂದ್ರೆ ರಾತ್ರಿ ಮಲಗೋ ಮುಂಚೆ ಬಲೇಲಿ ಹಿಡಿದು ವಾಪಸ್.

ಮೊನ್ನೆ ಸ್ಪಾಂಜ್ ಫಿಲ್ಟರ್ ತರೋಕೆ ಅದೇ ಅಂಗಡಿಗೆ ಹೋದಾಗ ಒಬ್ಬ ಹುಡುಗ ಗಪ್ಪಿ ಕವರ್ ಹಿಡ್ಕೊಂಡು ನಿಂತಿದ್ದ. ಆಕ್ಸೊಲಾಟಲ್‌ಗಾ ಅಂದೆ, ಹೂಂ ಅಕ್ಕ ಅಂದ. ಕವರನ್ನ ಬೆಳಕಿಗೆ ಹಿಡಿದು ತೋರಿಸ್ದೆ, ಎರಡು ಮೀನಿನ ಬಾಲದ ಮೇಲೆ ಉಪ್ಪಿನ ಕಾಳು ಥರ ಬಿಳೀ ಚುಕ್ಕೆ ಇತ್ತು, ರೋಗದ ಗುರುತು. ಅವನು ಮೀನು ವಾಪಸ್ ಕೊಟ್ಟು ಎರೆಹುಳ ಎಲ್ಲಿ ಸಿಗುತ್ತೆ ಅಂತ ಫೋನಲ್ಲಿ ಬರ್ಕೊಂಡ.