ಗೀಜರ್ ಸೇಫ್ಟಿ ವಾಲ್ವ್ ತಗೊಳ್ಳೋರು ಗೀಜರ್ ಮ್ಯಾಲಿನ ಮಾಹಿತಿ ಪ್ಲೇಟಿನ ಫೋಟೋ ಹೊಡ್ಕೊಂಡ ಹೋಗ್ರಿ

ವಿಜಯಪುರದಾಗ ಗಾಂಧಿ ಚೌಕ ಹತ್ರ ಒಂದ್ ಹಾರ್ಡ್‌ವೇರ್ ಅಂಗಡ್ಯಾಗ ನಮ್ಮ 25 ಲೀಟರ್ ಗೀಜರ್‌ಗೆ ಹೊಸ ಸೇಫ್ಟಿ ವಾಲ್ವ್ (ಒಳಗ ಪ್ರೆಶರ್ ಹೆಚ್ಚಾದ್ರ ನೀರು ಹೊರಗ ಬಿಡೂದು) ತಗೊಂಡೀನಿ, ಅರ್ಧ ಇಂಚಿಂದು, ಹಿತ್ತಾಳಿ ಬಾಡಿ, ಮ್ಯಾಲ ಸಣ್ಣ ಲಿವರ್ ಇರೋದು. ಮಾಲು ಚಲೋ ಐತಿ, ಅಂಗಡಿಯವ್ರು ಕೊಟ್ಟ ರೀತಿ ಇನ್ನೂ ಚಲೋ. ವಾಲ್ವ್ ಕೊಡ್ರಿ ಅಂದ್ರ ಡಬ್ಬಿ ತಗದು ಕೈಗೆ ಕೊಡ್ಲಿಲ್ಲ, "ಮದ್ಲ ಗೀಜರ್ ಪ್ಲೇಟಿನ ಫೋಟೋ ತೋರಸ್ರಿ ಸರ" ಅಂದ್ರು. ಅದರಾಗ ಟ್ಯಾಂಕ್ ತಡಿಯೂ ಪ್ರೆಶರ್ 0.8 ಎಂಪಿಎ ಅಂತಿತ್ತು, ಅಂದ್ರ 8 ಬಾರ್ (ಎರಡೂ ಪ್ರೆಶರ್ ಅಳಿಯೂ ಲೆಕ್ಕ), ಅದಕ್ಕ 8 ಬಾರಿಗೆ ಬಿಚ್ಚೂ ವಾಲ್ವ್ ಕೊಟ್ರು. ಕೆಲವು ಗೀಜರ್ 6.5 ಬಾರಿನವೂ ಬರ್ತಾವ, ಅವಕ್ಕ 8ರ ವಾಲ್ವ್ ಹಾಕಿದ್ರ ವಾಲ್ವ್ ಬಿಚ್ಚೂದ್ರೊಳಗ ಟ್ಯಾಂಕಿಗೇ ಪೆಟ್ಟು. ನಂಬರ್ ದೊಡ್ಡದಿದ್ರ ಮಾಲು ಗಟ್ಟಿ ಅಂತ ತಿಳ್ಕೋಬ್ಯಾಡ್ರಿ.

ನಮ್ಮ ಟ್ಯಾಂಕ್ ಮಾಳಿಗಿ ಮ್ಯಾಲ ಐತಿ, 10 ಮೀಟರ್ ಎತ್ತರ ಇದ್ರ 1 ಬಾರ್ ಅಷ್ಟ ಬರ್ತದ, ಈ ವಾಲ್ವ್ ಯಾಕ ಬೇಕು ಅಂತ ಭಾಳ ಮಂದಿ ಕೇಳ್ತಾರ. ಪ್ರೆಶರ್ ಮ್ಯಾಲಿನ ಟ್ಯಾಂಕಿಂದ ಅಷ್ಟ ಬರೂದಿಲ್ಲ, ಕಾಯೂ ನೀರಿಂದ ಬರ್ತದ. 25 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕ ಕಾದ್ರ ಹೆಚ್ಚುಕಮ್ಮಿ 350 ಮಿಲಿ ಹಿಗ್ಗತೈತಿ, ವಾಲ್ವಿನಾಗ ನೀರು ಹಿಂದಕ್ಕ ಹೋಗದಂಗ ತಡಿಯೂದೂ ಇರ್ತದ, ಹಂಗಾಗಿ ಆ ಹಿಗ್ಗಿದ ನೀರು ಹೊರಗ ಬೀಳಾಕ ಬೇಕ. ಗೀಜರ್ ಕಾಯೂವಾಗ ವಾಲ್ವಿನ ಬಾಯಿಂದ ತಟಕ್ ತಟಕ್ ಅಂತ ಹನಿ ಬಿದ್ರ ಅದು ಕೆಲಸ ಮಾಡಾಕತ್ತೈತಿ ಅಂತ ಅರ್ಥ, ಸೋರಾಕತ್ತೈತಿ ಅಂತ ಅದಕ್ಕ ಬಿರಡಿ ಹಾಕಬ್ಯಾಡ್ರಿ, ಕೈ ಮುಗದು ಹೇಳ್ತೀನಿ, ಟ್ಯಾಂಕ್ ಒಡದ್ರ ಬಚ್ಚಲದಾಗ ಇದ್ದವ್ರ ಗತಿ ಏನು? ಗೀಜರ್ ತಣ್ಣಗಾದ ಮ್ಯಾಲೂ ಹನಿ ನಿಲ್ಲಲಿಲ್ಲ ಅಂದ್ರ ಒಳಗ ಕಸ ಸಿಕ್ಕಿರ್ತದ, ಇಲ್ಲಾ ಬರೂ ನೀರಿನ ಪ್ರೆಶರೇ ಜಾಸ್ತಿ ಇರ್ತದ.

ನಮ್ಮ ಕಡೆ ಬೋರಿನ ನೀರು ಸವಳ, ಬಿಳೀ ಪದರು ಕಟ್ಟಿ ವಾಲ್ವ್ ಅಂಟ್ಕೊಂಡ ಬಿಡತೈತಿ. ಅದಕ್ಕ ಲಿವರ್ ಇದ್ದದ್ದ ತಗೋರಿ, ತಿಂಗಳಿಗೊಮ್ಮೆ ಎತ್ತಿ ಒಂದಿಷ್ಟ ನೀರು ಬಿಡ್ರಿ, ಬಿಸಿನೀರು ಬರಬಹುದು, ಕೈ ದೂರ ಇರಲಿ.

ಕೂರಸೂವಾಗ ಬಾಣದ ಗುರುತು ಗೀಜರ್ ಕಡೆ ಇರಬೇಕು, ತಣ್ಣೀರಿನ ಪೈಪಿಗೆ, ವಾಲ್ವಿಗೂ ಗೀಜರ್‌ಗೂ ನಡುವ ಮತ್ತೊಂದ್ ನಳ ಹಾಕಿಸಬ್ಯಾಡ್ರಿ.

ಒಂದ್ ಕೊರತಿ ಐತಿ, ನೀರು ಬಿಡೂ ಬಾಯಿ ಭಾಳ ಸಣ್ಣದು, ಅದಕ್ಕ ಹಾಕಿದ ಪೈಪ್ ಜಾರಿ ಬೀಳತೈತಿ, ಕ್ಲಿಪ್ ಡಬ್ಬ್ಯಾಗ ಕೊಟ್ಟಿಲ್ಲ, ಬ್ಯಾರೇ ಕೊಂಡು ಹಾಕೀನಿ. ವಾಲ್ವಿಗೆ 5ಕ್ಕ 4, ಅಂಗಡಿಗೆ 5ಕ್ಕ 5.